ಹೆರೋಕುನಾ, ಲ್ಯಾಂಬ್ಡಾನಾ, ಡ್ರಾಪ್ಲೆಟ್ಟಾ: ಮೊದಲು ಭಾಷೆ ನೋಡಿ, ಆಮೇಲೆ ಬೆಲೆ ಕೇಳಿ

"ನನ್ನ ಆ್ಯಪ್ ಎಲ್ಲಿ ಹಾಕಲಿ, ಯಾವುದು ಕಮ್ಮಿ ಬೀಳುತ್ತೆ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಯಾವುದರಲ್ಲಿ ಬರೆದಿದ್ದೀರಿ? ಪೈಥಾನಾ, ಪಿಎಚ್‌ಪಿನಾ, ಜಾವಾನಾ, ನೋಡ್ ಜೆಎಸ್ಸಾ? ಬೆಲೆಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ಹೆರೋಕು, ಲ್ಯಾಂಬ್ಡಾ, ಡ್ರಾಪ್ಲೆಟ್ ಇವೆಲ್ಲ ನೀವು ಬರೆದ ಆ್ಯಪನ್ನು ಇಂಟರ್ನೆಟ್ಟಿನಲ್ಲಿ ಓಡಿಸಲು ಬಾಡಿಗೆಗೆ ಸಿಗುವ ಕ್ಲೌಡ್ ಸೇವೆಗಳು, ಅಂದರೆ ಪ್ಲಾಟ್‌ಫಾರ್ಮುಗಳು. ಅವುಗಳ ಹೋಲಿಕೆ ಪಟ್ಟಿಗಳಲ್ಲಿ ಬೆಲೆ, ಭಾಷೆ ಎರಡೂ ಬೇರೆ ಬೇರೆ ಕಾಲಮ್ಮಿನಲ್ಲಿ ಕೂತಿರುತ್ತವೆ, ಒಂದು ಕಡೆ ತಿಂಗಳಿಗೆ ಇಷ್ಟು ಡಾಲರ್ ಅಂತ, ಇನ್ನೊಂದು ಕಡೆ ಭಾಷೆಗಳ ಹೆಸರಿನ ಮುಂದೆ ಸಾಲಾಗಿ ಟಿಕ್ ಮಾರ್ಕು. ಆದರೆ ಬಿಲ್ಲು ಬಂದಾಗ ಎರಡೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ನಿಮ್ಮ ಭಾಷೆ ಎಷ್ಟು ಮೆಮೊರಿ ತಿನ್ನುತ್ತದೆ, ಎಷ್ಟು ಬೇಗ ಎದ್ದು ನಿಲ್ಲುತ್ತದೆ, ಒಂದೇ ಸಲ ಎಷ್ಟು ಜನರಿಗೆ ಉತ್ತರ ಕೊಡುತ್ತದೆ, ಇದರ ಮೇಲೆ ಬಿಲ್ಲು ನಿಂತಿದೆ. ಹಾಗಾಗಿ ಭಾಷೆಯಿಂದಲೇ ಶುರು ಮಾಡೋಣ.

ಆ ಟಿಕ್ ಮಾರ್ಕಿನ ಅರ್ಥ ಏನು

ಮೊದಮೊದಲು ಇಷ್ಟು ಗೊಂದಲ ಇರಲಿಲ್ಲ. 2008ರ ಏಪ್ರಿಲ್‌ನಲ್ಲಿ ಗೂಗಲ್ ಆ್ಯಪ್ ಎಂಜಿನ್ ಬಂದಾಗ ಅದರಲ್ಲಿ ಓಡುತ್ತಿದ್ದದ್ದು ಪೈಥಾನ್ ಒಂದೇ. ಅದಕ್ಕೂ ನೂರೆಂಟು ಕಟ್ಟುಪಾಡು, ಡಿಸ್ಕಿಗೆ ಫೈಲು ಬರೆಯುವ ಹಾಗಿಲ್ಲ, ಸಿ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಷನ್ ಇರುವ ಪ್ಯಾಕೇಜು ಹಾಕುವ ಹಾಗಿಲ್ಲ. ಜಾವಾ ಮರುವರ್ಷ ಬಂತು. ಹೆರೋಕು 2007ರಲ್ಲಿ ಶುರುವಾದಾಗ ಅದು ರೂಬಿಯವರ ಅಡ್ಡಾ. ಅಂದರೆ ನೀವು ಭಾಷೆ ಆರಿಸಿದರೆ ಪ್ಲಾಟ್‌ಫಾರ್ಮು ತಾನಾಗಿಯೇ ಗೊತ್ತಾಗುತ್ತಿತ್ತು.

ಆಮೇಲೆ ಹೆರೋಕು ಬಿಲ್ಡ್‌ಪ್ಯಾಕ್ ಅನ್ನುವುದನ್ನು ತಂದಿತು. ಐಡಿಯಾ ಸರಳ. ನೀವು ಗಿಟ್‌ನಿಂದ ಕೋಡ್ ತಳ್ಳುತ್ತೀರಿ, ಅದು ಫೋಲ್ಡರ್ ಒಳಗೆ ಇಣುಕಿ ನೋಡುತ್ತದೆ. ಪ್ಯಾಕೇಜ್ ಡಾಟ್ ಜೇಸನ್ ಸಿಕ್ಕರೆ ನೋಡ್, ರಿಕ್ವೈರ್‌ಮೆಂಟ್ಸ್ ಫೈಲು ಸಿಕ್ಕರೆ ಪೈಥಾನ್, ಜೆಮ್‌ಫೈಲ್ ಸಿಕ್ಕರೆ ರೂಬಿ. ಉಳಿದದ್ದನ್ನೆಲ್ಲ ಅದೇ ಇನ್‌ಸ್ಟಾಲ್ ಮಾಡಿಕೊಳ್ಳುತ್ತದೆ. ಇವತ್ತಿಗೂ ರೆಂಡರ್, ರೈಲ್ವೇ ಅನ್ನುವ ಹೆಸರಿನ ಕಂಪನಿಗಳ ಪ್ಲಾಟ್‌ಫಾರ್ಮುಗಳು ಹೆಚ್ಚುಕಮ್ಮಿ ಇದೇ ದಾರಿಯಲ್ಲಿ ನಡೆಯುತ್ತಿವೆ.

ಮೂರನೆಯದು ಡಾಕರ್ ಕಂಟೇನರ್ ದಾರಿ, ಅಂದರೆ ಆ್ಯಪನ್ನೂ ಅದು ಓಡಲು ಬೇಕಾದದ್ದನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡುವುದು. 2019ರಲ್ಲಿ ಪೂರ್ತಿ ಬಳಕೆಗೆ ಬಂದ ಗೂಗಲ್ ಕ್ಲೌಡ್ ರನ್ ನಿಮ್ಮ ಭಾಷೆ ಯಾವುದು ಅಂತ ಕೇಳುವುದೇ ಇಲ್ಲ. ಕಂಟೇನರ್ ಕೊಡಿ, ನಾನು ಹೇಳಿದ ಪೋರ್ಟಿನಲ್ಲಿ ಅದು ಉತ್ತರ ಕೊಟ್ಟರೆ ಸಾಕು ಅನ್ನುತ್ತದೆ. ಒಳಗೆ ಪರ್ಲ್ ಇದ್ದರೂ ಸರಿ, ಹ್ಯಾಸ್ಕೆಲ್ ಇದ್ದರೂ ಸರಿ.

ಈಗ ಪಟ್ಟಿಯ ಟಿಕ್ ಮಾರ್ಕಿಗೆ ಬನ್ನಿ. ರೆಂಡರ್‌ನಲ್ಲಿ ನೋಡ್, ಪೈಥಾನ್, ರೂಬಿ, ಗೋ, ರಸ್ಟ್, ಎಲಿಕ್ಸಿರ್ ನೇರವಾಗಿ ಓಡುತ್ತವೆ. ಪಿಎಚ್‌ಪಿ ಓಡುವುದಿಲ್ಲವಾ? ಓಡುತ್ತದೆ, ಆದರೆ ಕಂಟೇನರ್ ಹೇಗೆ ಕಟ್ಟಬೇಕು ಅಂತ ಹೇಳುವ ಡಾಕರ್‌ಫೈಲ್ ನೀವೇ ಬರೆಯಬೇಕು. ಪಟ್ಟಿ ಮಾಡುವವರು ಎರಡಕ್ಕೂ ಒಂದೇ ಟಿಕ್ ಹಾಕಿಬಿಡುತ್ತಾರೆ. ನೇರವಾಗಿ ಓಡುವ ಭಾಷೆಗೆ ಕೆಳಗಿನ ಲಿನಕ್ಸ್, ಸೆಕ್ಯುರಿಟಿ ಪ್ಯಾಚ್, ಬಿಲ್ಡ್ ಎಲ್ಲ ಅವರ ತಲೆನೋವು. ಕಂಟೇನರ್ ಅಂದಮೇಲೆ ಅದರ ತಳದಲ್ಲಿರುವ ಲಿನಕ್ಸ್, ಅಂದರೆ ಬೇಸ್ ಇಮೇಜು, ಹಳೆಯದಾಯಿತಾ, ಅದರಲ್ಲಿ ತೂತು ಬಿತ್ತಾ ಅಂತ ನೋಡುವುದು ನಿಮ್ಮ ಕೆಲಸ. ಈ ಕೆಲಸಕ್ಕೆ ಬೆಲೆಪಟ್ಟಿಯಲ್ಲಿ ಜಾಗ ಇಲ್ಲ, ನಿಮ್ಮ ಶನಿವಾರದಲ್ಲಿ ಇದೆ.

ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಲ್ಯಾಂಬ್ಡಾದ್ದು ಇನ್ನೊಂದು ಕತೆ, ಯಾರಾದರೂ ಕೇಳಿದಾಗ ಮಾತ್ರ ನಿಮ್ಮ ಕೋಡನ್ನು ಓಡಿಸುವ ಸೇವೆ ಅದು. 2014ರ ನವೆಂಬರ್‌ನಲ್ಲಿ ಅದು ಹೊರಬಂದಾಗ ನೋಡ್ ಮಾತ್ರ ಇತ್ತು. ಜಾವಾ, ಪೈಥಾನ್ 2015ರಲ್ಲಿ, ಸಿ ಶಾರ್ಪ್ 2016ರಲ್ಲಿ, ಗೋ ಮತ್ತು ರೂಬಿ 2018ರಲ್ಲಿ ಬಂದವು. ಪಿಎಚ್‌ಪಿಗೆ ಅಧಿಕೃತ ರನ್‌ಟೈಮ್ (ಆ ಭಾಷೆಯ ಕೋಡನ್ನು ಓಡಿಸುವ ವ್ಯವಸ್ಥೆ) ಇಲ್ಲ, ಬ್ರೆಫ್ ಅನ್ನುವ ಓಪನ್ ಸೋರ್ಸ್ ಪ್ರಾಜೆಕ್ಟು ಹಿಡಿದುಕೊಂಡು ಜನ ದಾರಿ ಮಾಡಿಕೊಂಡಿದ್ದಾರೆ. ಇಲ್ಲಿ ಭಾಷೆಯ ಹೆಸರಿನಷ್ಟೇ ವರ್ಷನ್ನೂ ಮುಖ್ಯ. ಹಳೆಯ ಪೈಥಾನ್‌ಗೋ ನೋಡ್‌ಗೋ ಅದನ್ನು ಮಾಡುವವರೇ ಬೆಂಬಲ ನಿಲ್ಲಿಸಿದ ಮೇಲೆ ಲ್ಯಾಂಬ್ಡಾ ಕೂಡ ಆ ರನ್‌ಟೈಮ್ ಕೈಬಿಡುತ್ತದೆ. ಬರೆದಿಟ್ಟು ಮರೆತುಬಿಡೋಣ ಅಂದುಕೊಂಡವರಿಗೆ ಒಂದು ದಿನ ಇಮೇಲು ಬರುತ್ತದೆ.

ಕ್ಲೌಡ್‌ಫ್ಲೇರ್ ಕಂಪನಿಯ ವರ್ಕರ್ಸ್ ಅನ್ನುವ ಸೇವೆ ಇವರೆಲ್ಲರಿಗಿಂತ ಬೇರೆ. ಅದರೊಳಗೆ ಲಿನಕ್ಸ್ ಪ್ರೋಸೆಸ್ಸೇ ಇಲ್ಲ, ಕ್ರೋಮ್ ಬ್ರೌಸರ್ ಒಳಗಿರುವ ವಿ8 ಎಂಜಿನ್ನೇ ನಿಮ್ಮ ಕೋಡನ್ನು ಓಡಿಸುತ್ತದೆ. ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್ ಬರೆಯುವವರಿಗೆ ಹಬ್ಬ. ರಸ್ಟ್ ಅನ್ನು ವೆಬ್ ಅಸೆಂಬ್ಲಿ (ವಿ8 ಓಡಿಸಬಲ್ಲ ಒಂದು ರೂಪ) ಮಾಡಿ ಹಾಕಬಹುದು, ಪೈಥಾನ್ ಕೂಡ ಬಂದಿದೆ. ಹಾಗಂತ ಪೈಥಾನ್‌ನ ವೆಬ್ ಫ್ರೇಮ್‌ವರ್ಕಾದ ಜ್ಯಾಂಗೋದಲ್ಲಿ ಬರೆದ ನಿಮ್ಮ ಹಳೆಯ ಪ್ರಾಜೆಕ್ಟನ್ನು ಹಾಗೇ ಎತ್ತಿ ಅಲ್ಲಿ ಇಡಲು ಆಗುವುದಿಲ್ಲ.

ಕನ್ನಡದ ರಸೀದಿ ಒಂದನ್ನು ಮುದ್ರಿಸಿ ನೋಡಿ

ಇದೆಲ್ಲ ಬರೀ ಥಿಯರಿ ಅನ್ನಿಸಿದರೆ ಒಂದು ಚಿಕ್ಕ ಕೆಲಸ ತೆಗೆದುಕೊಳ್ಳಿ. ನಿಮ್ಮ ಆ್ಯಪ್ ಕನ್ನಡದಲ್ಲಿ ಪಿಡಿಎಫ್ ರಸೀದಿ ಮಾಡಿಕೊಡಬೇಕು. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಬರುತ್ತದೆ. ಕ್ಲೌಡಿಗೆ ಹಾಕಿದ ಕೂಡಲೇ ಅಕ್ಷರ ಇರಬೇಕಾದ ಕಡೆ ಚೌಕ ಚೌಕ ಡಬ್ಬಿಗಳು. ಯಾಕೆಂದರೆ ಸರ್ವರ್ ಇಮೇಜುಗಳಲ್ಲಿ ಕನ್ನಡ ಫಾಂಟು ಇರುವುದಿಲ್ಲ. ಫಾಂಟು ಹಾಕಿದರೂ ಕೆಲವು ಪಿಡಿಎಫ್ ಲೈಬ್ರರಿಗಳಲ್ಲಿ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ, "ಅಕ್ಕ" ಅಂತ ಬರೆದರೆ ಅರ್ಧಕ್ಕೆ ಮುರಿದು ಪಕ್ಕದಲ್ಲಿ ಬೀಳುತ್ತದೆ. ಅಕ್ಷರ ಜೋಡಿಸಲು ಹಾರ್ಫ್‌ಬಝ್ ತರಹದ ಲೈಬ್ರರಿ ಬೇಕು, ಇಲ್ಲವೇ ತೆರೆಯಿಲ್ಲದ ಕ್ರೋಮ್ ಒಂದನ್ನು ಓಡಿಸಿ ಅದರಿಂದ ಪಿಡಿಎಫ್ ಮಾಡಿಸಿಕೊಳ್ಳಬೇಕು.

ಈಗ ಪ್ಲಾಟ್‌ಫಾರ್ಮುಗಳ ನಿಜವಾದ ಬಣ್ಣ ಕಾಣುತ್ತದೆ. ಬಾಡಿಗೆ ಲಿನಕ್ಸ್ ಮಷೀನು ಅಥವಾ ಡಾಕರ್ ಆದರೆ ಒಂದು ಸಾಲಿನ ಕೆಲಸ, ಡೆಬಿಯನ್ ಲಿನಕ್ಸ್‌ನಲ್ಲಿ ಗುಬ್ಬಿ, ನವಿಲು ಫಾಂಟುಗಳು ಪ್ಯಾಕೇಜಾಗಿಯೇ ಸಿಗುತ್ತವೆ, ನೋಟೋ ಕೂಡ. ಹೆರೋಕುನಲ್ಲಿ ಸಿಸ್ಟಂ ಪ್ಯಾಕೇಜು ಹಾಕಲು ಇನ್ನೊಂದು ಬಿಲ್ಡ್‌ಪ್ಯಾಕ್ ಸೇರಿಸಿಕೊಳ್ಳಬೇಕು. ಲ್ಯಾಂಬ್ಡಾದಲ್ಲಿ ಜಿಪ್ ಫೈಲು ಬಿಚ್ಚಿದ ಮೇಲೆ 250 ಎಂಬಿ ದಾಟುವ ಹಾಗಿಲ್ಲ, ಕ್ರೋಮ್ ತುರುಕುವಷ್ಟರಲ್ಲಿ ಜಾಗ ಮುಗಿದಿರುತ್ತದೆ, ಆಗ 10 ಜಿಬಿ ತನಕ ಬಿಡುವ ಕಂಟೇನರ್ ಇಮೇಜಿಗೇ ಹೋಗಬೇಕು. ವರ್ಕರ್ಸ್‌ನಲ್ಲಿ ಕ್ರೋಮ್ ಇನ್‌ಸ್ಟಾಲ್ ಮಾಡುವ ಮಾತೇ ಇಲ್ಲ. ನಾಲ್ಕೂ ಕಡೆ ಜಾವಾಸ್ಕ್ರಿಪ್ಟ್ ಓಡುತ್ತದೆ, ನಾಲ್ಕೂ ಕಡೆ ಟಿಕ್ ಮಾರ್ಕಿದೆ. ರಸೀದಿ ಮಾತ್ರ ಎಲ್ಲ ಕಡೆ ಸುಲಭವಾಗಿ ಬರುವುದಿಲ್ಲ, ಅಲ್ವಾ?

ಮೆಮೊರಿಯೇ ಬಾಡಿಗೆ

ಇನ್ನು ದುಡ್ಡಿನ ಮಾತು. ಮುಂದೆ ಬರುವ ಬೆಲೆಗಳು ಅಮೆರಿಕನ್ ಡಾಲರ್‌ನಲ್ಲಿವೆ. ಇವು ಆಗಾಗ ಬದಲಾಗುತ್ತಿರುತ್ತವೆ, ಕಾರ್ಡು ಕೊಡುವ ಮುಂಚೆ ಅವರವರ ಬೆಲೆಪುಟ ಒಮ್ಮೆ ತೆರೆದು ನೋಡಿ.

ತಿಂಗಳ ಬಾಡಿಗೆ ಲೆಕ್ಕದ ಪ್ಲಾಟ್‌ಫಾರ್ಮುಗಳಲ್ಲಿ ನೀವು ಕೊಳ್ಳುವುದು ಮುಖ್ಯವಾಗಿ ಮೆಮೊರಿ. ಹೆರೋಕುನಲ್ಲಿ ಡೈನೋ ಅಂದರೆ ನಿಮ್ಮ ಆ್ಯಪ್ ಓಡುವ ಒಂದು ಬಾಡಿಗೆ ಕಂಟೇನರ್. 512 ಎಂಬಿಯ ಬೇಸಿಕ್ ಡೈನೋ ತಿಂಗಳಿಗೆ 7 ಡಾಲರ್. ಅಷ್ಟೇ ಮೆಮೊರಿಯ ಸ್ಟ್ಯಾಂಡರ್ಡ್ 1ಎಕ್ಸ್ 25 ಡಾಲರ್. 1 ಜಿಬಿ ಬೇಕಾದರೆ ಸ್ಟ್ಯಾಂಡರ್ಡ್ 2ಎಕ್ಸ್, ಅದಕ್ಕೆ 50. ಗೋದಲ್ಲಿ ಬರೆದ ಒಂದು ಸಾಧಾರಣ ಎಪಿಐ (ಬೇರೆ ಆ್ಯಪ್‌ಗಳಿಗೆ ಡೇಟಾ ಕೊಡುವ ಪ್ರೋಗ್ರಾಮು) ಕೆಲವು ಹತ್ತು ಎಂಬಿಯಲ್ಲಿ ಬದುಕುತ್ತದೆ, ಆ 7 ಡಾಲರ್ ಡೈನೋದಲ್ಲಿ ಕಾಲು ಚಾಚಿಕೊಂಡು ಕೂರುತ್ತದೆ. ಜ್ಯಾಂಗೋ ಆದರೆ ಒಂದೇ ಪ್ರೋಸೆಸ್ಸು ಸಾಕಾಗುವುದಿಲ್ಲ, ಪೈಥಾನ್‌ನಲ್ಲಿ ಒಂದೇ ಸಲ ಜಾಸ್ತಿ ಕೆಲಸ ಆಗಬೇಕೆಂದರೆ ಜೀಯೂನಿಕಾರ್ನ್ ಅನ್ನುವ ಸರ್ವರ್ ಪ್ರೋಗ್ರಾಮಿನ ವರ್ಕರ್‌ಗಳನ್ನು, ಅಂದರೆ ಅದೇ ಆ್ಯಪಿನ ಕಾಪಿಗಳನ್ನು, ಮೂರೋ ನಾಲ್ಕೋ ಎಬ್ಬಿಸುತ್ತೇವೆ, ಪ್ರತಿಯೊಂದೂ ತನ್ನ ಪಾಲಿನ ಮೆಮೊರಿ ಕೇಳುತ್ತದೆ. ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕಿನ ಜಾವಾ ಆ್ಯಪ್ ಅಂತೂ ಸರಿಯಾಗಿ ಬಿಗಿಮಾಡದಿದ್ದರೆ 512 ಎಂಬಿಯನ್ನು ಆರಾಮಾಗಿ ದಾಟುತ್ತದೆ, ಆ್ಯಪಿನ ಆಗುಹೋಗು ದಾಖಲಿಸುವ ಲಾಗ್‌ನಲ್ಲಿ ಆರ್14 ಅಂತ ಮೆಮೊರಿ ಮೀರಿದ ಎರರ್ ಸುರಿಯುತ್ತದೆ. ಆಗ 7ರಿಂದ ನೇರ 50ಕ್ಕೆ ಜಿಗಿತ. ಕೆಲಸ ಅದೇ, ಬಳಸುವ ಜನರೂ ಅಷ್ಟೇ, ಭಾಷೆ ಬೇರೆ ಅಷ್ಟೆ.

ಜಾವಾದವರು ಹಾಗಂತ ಬೇಜಾರು ಮಾಡಿಕೊಳ್ಳಬೇಕಿಲ್ಲ. ರೆಂಡರ್‌ನಲ್ಲಿ 2 ಜಿಬಿಗೆ 25 ಡಾಲರ್. ಡಿಜಿಟಲ್ ಓಶನ್‌ನ 2 ಜಿಬಿ ಡ್ರಾಪ್ಲೆಟ್ 12 ಡಾಲರ್, 1 ಜಿಬಿಯದು 6 ಡಾಲರ್, ಅದೂ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲೇ ಸಿಗುತ್ತದೆ. ಡ್ರಾಪ್ಲೆಟ್ ಅಂದರೆ ಬರೀ ಲಿನಕ್ಸ್ ಮಷೀನು, ಅದರಲ್ಲಿ ಭಾಷೆಯ ಪ್ರಶ್ನೆಯೇ ಇಲ್ಲ, ಏನು ಬೇಕಾದರೂ ಓಡಿಸಿ. ಎನ್‌ಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಕೂರಿಸುವುದು, ಎಸ್‌ಎಸ್‌ಎಲ್ ಸರ್ಟಿಫಿಕೇಟು, ಬ್ಯಾಕಪ್ಪು, ರಾತ್ರಿ ಡಿಸ್ಕು ತುಂಬಿದರೆ ಎದ್ದು ನೋಡುವುದು, ಅದೆಲ್ಲ ನಿಮ್ಮದು. ಹೆರೋಕು ಕೇಳುವ ಜಾಸ್ತಿ ದುಡ್ಡು ಇದೇ ಕೆಲಸಕ್ಕೆ. ಆ ದುಡ್ಡು ದಂಡವಾ ಅಲ್ಲವಾ ಅನ್ನುವುದು ನಿಮಗೆ ಲಿನಕ್ಸ್ ಎಷ್ಟು ಬರುತ್ತದೆ ಅನ್ನುವುದರ ಮೇಲೆ ನಿಂತಿದೆ.

ಬಿಟ್ಟಿ ಪ್ಲಾನುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕಾಲದಲ್ಲಿ ಕಾಲೇಜು ಪ್ರಾಜೆಕ್ಟುಗಳ ಆಸರೆಯಾಗಿದ್ದ ಹೆರೋಕು ಬಿಟ್ಟಿ ಡೈನೋ 2022ರ ನವೆಂಬರ್ 28ಕ್ಕೆ ಮುಗಿಯಿತು. ರೆಂಡರ್‌ನಲ್ಲಿ ಬಿಟ್ಟಿ ಇದೆ, ಆದರೆ 15 ನಿಮಿಷ ಯಾರೂ ಬರದಿದ್ದರೆ ಆ್ಯಪ್ ಮಲಗುತ್ತದೆ, ಮುಂದಿನವನು ಬಂದಾಗ ಎಬ್ಬಿಸಬೇಕು. ಅದರ ಬಿಟ್ಟಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ 30 ದಿನದ ಆಯಸ್ಸು. ಡೆಮೊ ತೋರಿಸಲು ಸಾಕು, ಅಂಗಡಿಯ ಲೆಕ್ಕ ಇಡಲು ಬೇಡ.

ರಿಕ್ವೆಸ್ಟಿಗೆ ಇಷ್ಟು ಅಂದರೆ

ಇನ್ನೊಂದು ಬಗೆಯದು ಬಳಸಿದಷ್ಟಕ್ಕೆ ಮಾತ್ರ ದುಡ್ಡು ಕೊಡುವ ಪದ್ಧತಿ. ರಿಕ್ವೆಸ್ಟು ಅಂದರೆ ಬಳಸುವವರಿಂದ ಆ್ಯಪಿಗೆ ಬರುವ ಒಂದೊಂದು ಕೋರಿಕೆ. ಲ್ಯಾಂಬ್ಡಾದಲ್ಲಿ 10 ಲಕ್ಷ ರಿಕ್ವೆಸ್ಟಿಗೆ 20 ಸೆಂಟ್. ಜೊತೆಗೆ ಮೆಮೊರಿ ಗುಣಿಸು ಸಮಯ, ಅಂದರೆ 1 ಜಿಬಿ ಮೆಮೊರಿಯನ್ನು 1 ಸೆಕೆಂಡು ಹಿಡಿದುಕೊಂಡರೆ 0.0000166667 ಡಾಲರ್. ಪ್ರತಿ ತಿಂಗಳು ಮೊದಲ 10 ಲಕ್ಷ ರಿಕ್ವೆಸ್ಟು ಮತ್ತು 4 ಲಕ್ಷ ಜಿಬಿ ಸೆಕೆಂಡು ಬಿಟ್ಟಿ. ಇಷ್ಟೊಂದು ಸೊನ್ನೆ ನೋಡಿದರೆ ಯಾರಿಗಾದರೂ ಪುಕ್ಕಟೆ ಅನ್ನಿಸುತ್ತದೆ. ಕೂತು ಗುಣಿಸಿ ನೋಡೋಣ.

ಪ್ರತಿ ರಿಕ್ವೆಸ್ಟಿಗೂ 512 ಎಂಬಿ, 200 ಮಿಲಿಸೆಕೆಂಡು ಬೇಕು ಅಂತಿಟ್ಟುಕೊಳ್ಳಿ. ಒಂದು ರಿಕ್ವೆಸ್ಟಿಗೆ 0.1 ಜಿಬಿ ಸೆಕೆಂಡು ಆಯಿತು. ತಿಂಗಳಿಗೆ 3 ಲಕ್ಷ ರಿಕ್ವೆಸ್ಟು ಬಂದರೆ 30,000, ಬಿಟ್ಟಿಯಲ್ಲೇ ಮುಗಿಯುತ್ತದೆ, ಬಿಲ್ಲು ಸೊನ್ನೆ. 1 ಕೋಟಿ ಬಂದರೆ 10 ಲಕ್ಷ ಜಿಬಿ ಸೆಕೆಂಡು, ಬಿಟ್ಟಿಯದು ಕಳೆದರೆ 6 ಲಕ್ಷ, ಅದಕ್ಕೆ 10 ಡಾಲರ್, ರಿಕ್ವೆಸ್ಟಿನದು 1.80. ಒಟ್ಟು 11.80. ಇಲ್ಲಿಯ ತನಕ ಸೊಗಸು. 10 ಕೋಟಿ ಆದರೆ? 96 ಲಕ್ಷ ಜಿಬಿ ಸೆಕೆಂಡಿಗೆ 160, ರಿಕ್ವೆಸ್ಟಿಗೆ 19.80, ಸುಮಾರು 180 ಡಾಲರ್. ರಿಕ್ವೆಸ್ಟುಗಳನ್ನು ಲ್ಯಾಂಬ್ಡಾಗೆ ತಲುಪಿಸಲು ಮುಂದೆ ಎಪಿಐ ಗೇಟ್‌ವೇ ಇಟ್ಟಿದ್ದರೆ ಅದರ ಅಗ್ಗದ ಬಗೆಗೇ 10 ಲಕ್ಷಕ್ಕೆ ಸುಮಾರು 1 ಡಾಲರ್, ಅಲ್ಲಿಗೆ ಇನ್ನೂ 100 ಸೇರಿತು.

ತಿಂಗಳಿಗೆ 10 ಕೋಟಿ ಅಂದರೆ ಭಯ ಆಗಬಹುದು, ಸರಾಸರಿ ತೆಗೆದರೆ ಸೆಕೆಂಡಿಗೆ 39 ರಿಕ್ವೆಸ್ಟು ಅಷ್ಟೇ. ದಿನವಿಡೀ ಸಮನಾಗಿ ಬರುವ 39 ರಿಕ್ವೆಸ್ಟನ್ನು ಗೋ ಅಥವಾ ನೋಡ್ ಆ್ಯಪ್ ಒಂದು ಚಿಕ್ಕ ಬಾಡಿಗೆ ಮಷೀನಿನಲ್ಲಿ ನಿಭಾಯಿಸಿಬಿಡುತ್ತದೆ. ಪರೀಕ್ಷೆಯ ಫಲಿತಾಂಶದ ಸೈಟಿನ ಹಾಗೆ ವರ್ಷದಲ್ಲಿ ಒಂದು ಬೆಳಗ್ಗೆ ಜನ ಮುಗಿಬಿದ್ದು ಉಳಿದ ದಿನ ಖಾಲಿ ಹೊಡೆಯುವುದಾದರೆ ಲೆಕ್ಕ ಪೂರ್ತಿ ತಿರುಗುತ್ತದೆ, ಅಲ್ಲಿ ಲ್ಯಾಂಬ್ಡಾ ತರಹದ್ದೇ ಸರಿ. ಟ್ರಾಫಿಕ್ಕು ಎಷ್ಟು ಅನ್ನುವುದಕ್ಕಿಂತ ಅದು ಹೇಗೆ ಬರುತ್ತದೆ ಅನ್ನುವುದನ್ನು ನೋಡಿ.

ಭಾಷೆ ಇಲ್ಲೂ ಕೈ ಹಾಕುತ್ತದೆ. ಲ್ಯಾಂಬ್ಡಾದ ಒಂದು ಕಾಪಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ರಿಕ್ವೆಸ್ಟು ನೋಡಿಕೊಳ್ಳುತ್ತದೆ. ನಿಮ್ಮ ಕೋಡು ಡೇಟಾಬೇಸ್ ಉತ್ತರಕ್ಕೆ ಕಾಯುತ್ತಾ ಸುಮ್ನೆ ಕೂತಿದ್ದರೂ ಮೀಟರ್ ಓಡುತ್ತಿರುತ್ತದೆ. ಕ್ಲೌಡ್ ರನ್‌ನಲ್ಲಿ ಒಂದೇ ಕಂಟೇನರಿಗೆ ಒಟ್ಟಿಗೆ 80 ರಿಕ್ವೆಸ್ಟು ಬಿಡುವುದು ಮಾಮೂಲಿ ಸೆಟ್ಟಿಂಗು. ನೋಡ್, ಗೋ ತರಹದವು ಒಬ್ಬರಿಗೆ ಕಾಯುವಾಗ ಇನ್ನೊಬ್ಬರ ಕೆಲಸ ಮಾಡುವುದರಿಂದ ಆ ಸೆಕೆಂಡಿನ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. ಒಂದೇ ವರ್ಕರ್ ಇಟ್ಟ ಮಾಮೂಲಿ ಪೈಥಾನ್ ಆ್ಯಪಿಗೆ ಈ ಲಾಭ ಸಿಗುವುದಿಲ್ಲ. ಕ್ಲೌಡ್‌ಫ್ಲೇರ್ ವರ್ಕರ್ಸ್ ಎಣಿಸುವುದು ಸಿಪಿಯು ನಿಜವಾಗಿ ದುಡಿದ ಸಮಯ ಮಾತ್ರ, ಕಾಯುವುದಕ್ಕೆ ದುಡ್ಡಿಲ್ಲ. ದಿನಕ್ಕೆ 1 ಲಕ್ಷ ರಿಕ್ವೆಸ್ಟು ಬಿಟ್ಟಿ, ಆದರೆ ಒಂದೊಂದಕ್ಕೂ 10 ಮಿಲಿಸೆಕೆಂಡು ಸಿಪಿಯು ಅಷ್ಟೇ. 5 ಡಾಲರ್ ಕೊಟ್ಟರೆ ತಿಂಗಳಿಗೆ 1 ಕೋಟಿ. ಕೆಲಸ ಚಿಕ್ಕದಿದ್ದು ಜಾವಾಸ್ಕ್ರಿಪ್ಟ್ ಬರುತ್ತದೆ ಅಂದರೆ ಇದನ್ನು ಬೆಲೆಯಲ್ಲಿ ಸೋಲಿಸುವುದು ಕಷ್ಟ.

ಇನ್ನು ಸೊನ್ನೆಯಿಂದ ಎದ್ದು ನಿಲ್ಲುವ ಸಮಯ, ಕೋಲ್ಡ್ ಸ್ಟಾರ್ಟ್. ಗೋ ಥಟ್ಟನೆ ಏಳುತ್ತದೆ. ಜಾವಾ ಕ್ಲಾಸುಗಳನ್ನೆಲ್ಲ ಲೋಡ್ ಮಾಡಿಕೊಂಡು, ಸ್ಪ್ರಿಂಗ್ ಎಲ್ಲವನ್ನೂ ಜೋಡಿಸಿಕೊಂಡು ಏಳುವಷ್ಟರಲ್ಲಿ ಗಿರಾಕಿ ಪುಟ ಮುಚ್ಚಿರುತ್ತಾನೆ. ಇದಕ್ಕೆಂದೇ ಎಡಬ್ಲ್ಯುಎಸ್ 2022ರಲ್ಲಿ ಸ್ನ್ಯಾಪ್‌ಸ್ಟಾರ್ಟ್ ತಂದಿತು. ಒಮ್ಮೆ ಎದ್ದ ಸ್ಥಿತಿಯನ್ನು ಹಾಗೇ ಉಳಿಸಿಟ್ಟುಕೊಂಡು ಮುಂದೆ ಅಲ್ಲಿಂದಲೇ ಶುರು ಮಾಡುವ ಉಪಾಯ ಅದು.

ಛತ್ರದ ಬಾಡಿಗೆ ಬೇರೆ, ಕರೆಂಟು ಬೇರೆ

ಮದುವೆ ಛತ್ರ ಬುಕ್ ಮಾಡಿದವರಿಗೆ ಗೊತ್ತು, ಹೇಳಿದ ಬಾಡಿಗೆ ಒಂದು, ಕೊನೆಗೆ ಕರೆಂಟು, ಪಾತ್ರೆ, ಕ್ಲೀನಿಂಗ್ ಅಂತ ಸೇರಿಸಿ ಕೊಡುವ ಚೀಟಿ ಇನ್ನೊಂದು. ದೊಡ್ಡ ಕ್ಲೌಡುಗಳಲ್ಲಿ ಕರೆಂಟಿನ ಜಾಗದಲ್ಲಿ ಕೂತಿರುವುದು ಡೇಟಾ ಹೊರಗೆ ಕಳಿಸುವ ಖರ್ಚು. ಎಡಬ್ಲ್ಯುಎಸ್‌ನಲ್ಲಿ ತಿಂಗಳಿಗೆ 100 ಜಿಬಿ ಬಿಟ್ಟಿ, ಆಮೇಲೆ ಮುಂಬೈಯಿಂದ ಜಿಬಿಗೆ ಸುಮಾರು 11 ಸೆಂಟ್. 1 ಟಿಬಿ ಹೊರಗೆ ಹೋಯಿತು ಅಂದರೆ ಅದೊಂದಕ್ಕೇ ಹತ್ತಿರ ಹತ್ತಿರ 100 ಡಾಲರ್. ಡಿಜಿಟಲ್ ಓಶನ್‌ನ 6 ಡಾಲರ್ ಡ್ರಾಪ್ಲೆಟ್ಟಿನ ಜೊತೆ 1 ಟಿಬಿ ಬಾಡಿಗೆಯಲ್ಲೇ ಸೇರಿದೆ, ಮೀರಿದರೆ ಜಿಬಿಗೆ 1 ಸೆಂಟ್. ಕ್ಲೌಡ್‌ಫ್ಲೇರ್ ಆರ್2 ಸ್ಟೋರೇಜಿನಲ್ಲಿ ಹೊರಗೆ ಕಳಿಸುವುದಕ್ಕೆ ದುಡ್ಡೇ ಇಲ್ಲ. ಫೋಟೊ, ಆಡಿಯೊ, ವೀಡಿಯೊ ಇರುವ ಸೈಟಿಗೆ ಸರ್ವರ್ ಬೆಲೆಗಿಂತ ಮೊದಲು ನೋಡಬೇಕಾದ ಅಂಕಿ ಇದು. ಕನ್ನಡದ ಪಠ್ಯ ಈಗ ಎಲ್ಲೆಡೆ ಬಳಸುವ ಯುಟಿಎಫ್8 ಅಕ್ಷರಸಂಕೇತದಲ್ಲಿ ಅಕ್ಷರಚಿಹ್ನೆಗೆ 3 ಬೈಟ್ ತೆಗೆದುಕೊಳ್ಳುತ್ತದೆ, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಹಾಗಾಗಿ ಕನ್ನಡ ಸೈಟಿನಲ್ಲಿ ಪಠ್ಯವನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಆನ್ ಮಾಡುವುದನ್ನು ಮರೆಯಬೇಡಿ.

2024ರ ಫೆಬ್ರವರಿಯಲ್ಲಿ ನೆಟ್ಲಿಫೈ ಅನ್ನುವ ಹೋಸ್ಟಿಂಗ್ ಕಂಪನಿಯಲ್ಲಿ ಬಿಟ್ಟಿ ಪ್ಲಾನಿನ ಒಂದು ಚಿಕ್ಕ ಸ್ಟ್ಯಾಟಿಕ್ ಸೈಟಿಗೆ 1 ಲಕ್ಷ ಡಾಲರ್ ಮೀರಿದ ಬಿಲ್ಲು ಬಂದದ್ದು ದೊಡ್ಡ ಸುದ್ದಿಯಾಗಿತ್ತು. ಅದರಲ್ಲಿದ್ದ ಒಂದು ಆಡಿಯೊ ಫೈಲನ್ನು ಯಾರೋ ಬೇಕೆಂದೇ ಮತ್ತೆ ಮತ್ತೆ ಎಳೆದುಕೊಂಡಿದ್ದರು. ಸುದ್ದಿ ಹಬ್ಬಿದ ಮೇಲೆ ಕಂಪನಿ ಬಿಲ್ಲು ಮನ್ನಾ ಮಾಡಿತು. ಸುದ್ದಿಯಾಗದ ಬಿಲ್ಲು ಕಟ್ಟುವವರೂ ಇರುತ್ತಾರಲ್ಲ.

ಚಿಲ್ಲರೆ ಖರ್ಚುಗಳೂ ಇವೆ. 2024ರ ಫೆಬ್ರವರಿಯಿಂದ ಎಡಬ್ಲ್ಯುಎಸ್ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ (ಇಂಟರ್ನೆಟ್ಟಿನಲ್ಲಿ ಮಷೀನನ್ನು ಗುರುತಿಸುವ ಸಂಖ್ಯೆ) ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ, ತಿಂಗಳಿಗೆ ಮೂರೂವರೆ ಡಾಲರ್ ಚಿಲ್ಲರೆ. ಒಳಗಿನ ಮಷೀನುಗಳನ್ನು ಇಂಟರ್ನೆಟ್ಟಿಗೆ ದಾಟಿಸುವ ನ್ಯಾಟ್ ಗೇಟ್‌ವೇ ಗೊತ್ತಿಲ್ಲದೆ ಆನ್ ಆಗಿದ್ದರೆ ಏನೂ ಮಾಡದೆ ಕೂತರೂ ತಿಂಗಳಿಗೆ 30 ಡಾಲರ್ ದಾಟುತ್ತದೆ.

ಭಾರತದಲ್ಲಿ ಕೂತು ಕಟ್ಟುವವರಿಗೆ ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ವಿದೇಶಿ ಕಂಪನಿಗೆ ಡಾಲರ್‌ನಲ್ಲಿ ಕೊಡುವುದಾದರೆ ಬ್ಯಾಂಕಿನ ಕಾರ್ಡು ಮಾರ್ಕಪ್ಪು ಬೇರೆ. ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ 25 ಡಾಲರ್ ಪ್ಲಾನು 2,250, ತೆರಿಗೆ ಸೇರಿ 2,655. ಜಿಎಸ್‌ಟಿ ನಂಬರ್ ಇರುವ ಕಂಪನಿಗೆ ಆ ತೆರಿಗೆ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ, ಒಂಟಿ ಡೆವಲಪರಿಗೆ ಅದು ಹೋದದ್ದೇ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ ಮ್ಯಾಂಡೇಟ್ ನಿಯಮವೂ ಬಂದಿದೆ, ಪ್ರತಿ ತಿಂಗಳು ತಾನಾಗಿ ಕಡಿತ ಆಗುವ ಮೊತ್ತ ಮಿತಿ ದಾಟಿದರೆ ಓಟಿಪಿ ಬೇಕು. ಕಾರ್ಡು ಫೇಲಾಗಿ ಸರ್ವರ್ ನಿಂತುಹೋಗದ ಹಾಗೆ ನೋಡಿಕೊಳ್ಳಬೇಕಾದವರು ನೀವೇ.

ಜಾಗದ ಮಾತೂ ಇದೆ. ಎಡಬ್ಲ್ಯುಎಸ್ ಮುಂಬೈ ಮತ್ತು ಹೈದರಾಬಾದಿನಲ್ಲಿದೆ, ಗೂಗಲ್ ಮುಂಬೈ ಮತ್ತು ದೆಹಲಿಯಲ್ಲಿ. ರೆಂಡರ್‌ಗೆ ನಮಗೆ ಹತ್ತಿರದ್ದು ಸಿಂಗಪುರ. ಆ್ಯಪ್ ಸಿಂಗಪುರದಲ್ಲಿದ್ದರೂ ನಡೆಯುತ್ತದೆ, ಆದರೆ ಡೇಟಾಬೇಸನ್ನು ಮುಂಬೈಯಲ್ಲಿ ಇಟ್ಟು ಆ್ಯಪನ್ನು ಅಲ್ಲಿ ಇಡಬೇಡಿ. ಜ್ಯಾಂಗೋ ಅಥವಾ ರೂಬಿಯ ರೇಲ್ಸ್‌ನ ಪುಟ ಒಂದಕ್ಕೆ ಡೇಟಾಬೇಸಿಗೆ 20 ಕ್ವೆರಿ (ಪ್ರಶ್ನೆ) ಹೋಗುವುದು ಮಾಮೂಲಿ, ಒಂದು ಸಲ ಹೋಗಿಬರಲು 60 ಮಿಲಿಸೆಕೆಂಡು ಅಂದರೂ ಪುಟ ತೆರೆಯಲು 1 ಸೆಕೆಂಡಿಗಿಂತ ಜಾಸ್ತಿ ರಸ್ತೆಯಲ್ಲೇ ಕಳೆಯಿತು.

ನನ್ನನ್ನು ಕೇಳಿದರೆ, ವರ್ಡ್‌ಪ್ರೆಸ್ ಅಥವಾ ಮಾಮೂಲಿ ಪಿಎಚ್‌ಪಿ ಸೈಟಿಗೆ ಈ ಲ್ಯಾಂಬ್ಡಾ ಗಿಂಬ್ಡಾ ಯಾವುದೂ ಬೇಡ, ಸಿಪ್ಯಾನೆಲ್ ನಿರ್ವಹಣಾ ಪುಟ ಇರುವ, ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಸಾಕು, ದೊಡ್ಡದಾದರೆ ಬೆಂಗಳೂರಿನದೊಂದು ಡ್ರಾಪ್ಲೆಟ್. ಜ್ಯಾಂಗೋ, ರೇಲ್ಸ್ ಬರೆಯುವ ಇಬ್ಬರು ಮೂವರ ತಂಡಕ್ಕೆ ಲಿನಕ್ಸ್ ಬರದಿದ್ದರೆ ರೆಂಡರ್. ಸ್ಪ್ರಿಂಗ್ ಬೂಟ್ ಅಂದರೆ 2 ಜಿಬಿಯ ಮಷೀನು ಬಾಡಿಗೆಗೆ ತೆಗೆದುಕೊಂಡುಬಿಡಿ, ಡೈನೋಗಳ ಜೊತೆ ಗುದ್ದಾಡಬೇಡಿ. ಗೋ ಬರೆಯುವವರು ಎಲ್ಲಿ ಬೇಕಾದರೂ ಹೋಗಿ, ಕ್ಲೌಡ್ ರನ್‌ನಲ್ಲಿ ಪುಟ್ಟ ಎಪಿಐ ಒಂದು ಬಿಟ್ಟಿ ಕೋಟಾದೊಳಗೇ ತಿಂಗಳು ಕಳೆಯುತ್ತದೆ.

ಯಾವುದನ್ನೇ ಆರಿಸಿದರೂ ಮೊದಲ ದಿನವೇ ಬಜೆಟ್ ಅಲರ್ಟ್ ಹಾಕಿ. ಅದು ಬರೀ ಇಮೇಲ್ ಕಳಿಸುತ್ತದೆ, ತಾನಾಗಿ ಸರ್ವರ್ ನಿಲ್ಲಿಸುವುದಿಲ್ಲ ಅನ್ನುವುದೂ ನೆನಪಿರಲಿ. ಡ್ರಾಪ್ಲೆಟ್ ಆಫ್ ಮಾಡಿದರೆ ಬಿಲ್ಲು ನಿಂತಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆಫ್ ಆದರೂ ಆ ಜಾಗ ನಿಮ್ಮ ಹೆಸರಿನಲ್ಲೇ ಇರುತ್ತದೆ, ಬಾಡಿಗೆ ಬೀಳುತ್ತಲೇ ಇರುತ್ತದೆ. ಬೇಡ ಅನ್ನಿಸಿದಾಗ ಒಂದು ಸ್ನ್ಯಾಪ್‌ಶಾಟ್ (ಡಿಸ್ಕಿನ ಪೂರ್ತಿ ಕಾಪಿ) ತೆಗೆದಿಟ್ಟು ಡ್ರಾಪ್ಲೆಟ್ಟನ್ನು ಪೂರ್ತಿ ಅಳಿಸಿ.